ತುಂಬಿದ ಟ್ಯಾಂಕು

ಆಗಸ್ಟ್ 6, 2024, ಮಂಗಳವಾರ. ಸವಣೂರು

ಚಹಾ ಇನ್ನೂ ಬಾಯಿಗೆ ಹೋಗಿರಲಿಲ್ಲ, ಬಂದೇಸಾಬನ ಫೋನು ಬಂತು. ದುಂಡಸಿಯಿಂದ ಆಚೆ, ಕೆರೆ ದಂಡೆಯ ಪಂಪ್‌ಹೌಸಿಗೆ ಹೊಸದಾಗಿ ಬಂದ ಆಪರೇಟರ್ ಅವನು. ವಯಸ್ಸು ಐವತ್ತು ದಾಟಿದೆ, ದನಿ ಮಾತ್ರ ಚಳಿಗೆ ಸಿಕ್ಕ ಕೋಳಿಮರಿಯದು.

"ಮೇಡಮ್ಮಾರ, ಪಂಪು ತಾನ ಸುರು ಆಗೇತ್ರಿ. ನಾ ಕೈ ಹಚ್ಚಿಲ್ರಿ. ಮಹಾಲಿಂಗಪ್ಪ ಬಂದಾನ ಅನಾಕತ್ತಾರ್ರಿ ಊರಾಗ."

"ಮಹಾಲಿಂಗಪ್ಪ ಬಂದಿದ್ರ ಚಲೋ ಆತಲ್ರಿ. ಡ್ಯೂಟಿ ಅವಂಗ ಒಪ್ಪಿಸಿ ನೀವು ಮನಿಗಿ ಹೋಗ್ರಿ" ಎಂದು ಫೋನ್ ಇಟ್ಟೆ. ಅಮ್ಮ ಒಲೆಯ ಮುಂದಿನಿಂದಲೇ ಕಣ್ಣು ಕೆಕ್ಕರಿಸಿದಳು. ಸತ್ತವರ ಬಗ್ಗೆ ಹಾಗೆ ಆಡಬಾರದಂತೆ.

ನನ್ನ ಕೆಲಸ ಏನೆಂದು ಅಮ್ಮನಿಗೆ ಇನ್ನೂ ತಿಳಿದಿಲ್ಲ. ಓಣಿಯಲ್ಲಿ "ನಮ್ಮ ತಸ್ಲೀಮಾ ವೈಫೈ ಹಾಕ್ತಾಳ" ಎಂದು ಹೇಳಿಕೊಂಡು ತಿರುಗುತ್ತಾಳೆ. ಎಷ್ಟು ಸಲ ಹೇಳಿದರೂ ಅಷ್ಟೇ. ದಿನ್ನೆಯ ಮೇಲೆ ಕುಡಿಯುವ ನೀರಿನ ಟ್ಯಾಂಕು, ಕೆಳಗೆ ಕೆರೆಯಲ್ಲಿ ಪಂಪು, ನಡುವೆ ತಂತಿ ಇಲ್ಲ. ಎರಡು ಕಡೆಯೂ ಒಂದೊಂದು ರೇಡಿಯೋ ಮಾಡೆಮ್. ಟ್ಯಾಂಕಿನದು ತನ್ನಲ್ಲಿ ಎಷ್ಟು ನೀರಿದೆ ಎಂದು ಹೇಳುತ್ತದೆ, ಪಂಪಿನದು ಕೇಳಿಸಿಕೊಂಡು ಮೋಟಾರು ಹಾಕುತ್ತದೆ, ತೆಗೆಯುತ್ತದೆ. ಅವೆರಡು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿ, ಬೇರೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದಿರಲಿ ಎಂದು ಎರಡಕ್ಕೂ ಒಂದೇ ಗುರುತಿನ ನಂಬರು ತುಂಬುತ್ತೇವೆ. ಈ ಜೋಡಿಗೆ 3308 ತುಂಬಿದ್ದೇನೆ. ಅಬ್ಬಾನ ರೇಡಿಯೋ ಅಂಗಡಿಯ ಫೋನಿನ ಕೊನೆಯ ನಾಲ್ಕು ಅಂಕಿ. ಅಬ್ಬಾ ತೀರಿಕೊಂಡ ಮೇಲೆ ನಾನೊಬ್ಬಳೇ ಮಾಡಿದ ಮೊದಲ ಕೆಲಸ ಅದು. ಅಮ್ಮನಿಗೆ ಹೇಳಿಲ್ಲ, ಹೇಳಿದರೆ ಅತ್ತುಬಿಡುತ್ತಾಳೆ.

ಮಹಾಲಿಂಗಪ್ಪ ಅಲ್ಲಿಯ ಹಳೆಯ ಆಪರೇಟರ್. ಹೋದ ತಿಂಗಳು, ನಿಂತ ಮೋಟಾರಿಗೆ ಗ್ರೀಸ್ ಹಚ್ಚಲು ಬಗ್ಗಿದ್ದಾಗ ಅದು ಸುರುವಾಯಿತು. ಹೆಗಲ ಮೇಲಿನ ಟವೆಲ್ಲು ಸಿಕ್ಕಿಕೊಂಡು ಅವನನ್ನು ಎಳೆದುಕೊಂಡಿತು, ಸತ್ತ. ಸ್ವಿಚ್ಚು ಆಟೋದಲ್ಲೇ ಇತ್ತು, ಕೈಯಿಂದ ನಿಲ್ಲಿಸುವ ಕಡೆಗೆ ತಿರುವಿರಲಿಲ್ಲ. ಟ್ಯಾಂಕು ಖಾಲಿ ಎಂದು ಮಶೀನಿನಲ್ಲಿ ದಾಖಲಾಗಿತ್ತು. ಟ್ಯಾಂಕು ಖಾಲಿಯಾದರೆ ಪಂಪು ಸುರುವಾಗಲೇಬೇಕು, ನಾನು ಅದನ್ನು ಕೂರಿಸಿದ್ದೇ ಅದಕ್ಕೆ. ಗುತ್ತಿಗೆದಾರರು ಕೇಳಿದಾಗ ಹಾಗೇ ಬರೆದುಕೊಟ್ಟೆ: ಆಪರೇಟರನ ನಿಷ್ಕಾಳಜಿ. ಊರವರು ಅದಕ್ಕೆ ಕುಡಿತವನ್ನೂ ಸೇರಿಸಿದರು. ಅದು ನಾನು ಬರೆದದ್ದಲ್ಲ.

ಆಗಸ್ಟ್ 8, ಗುರುವಾರ

ಶಿಗ್ಗಾಂವಿಗೆ ಹೋಗಿ, ಅಲ್ಲಿಂದ ದುಂಡಸಿ ಬಸ್ಸು ಹಿಡಿದೆ. ಪಂಪ್‌ಹೌಸಿನ ಬಾಗಿಲಿಗೆ ಬಂದೇಸಾಬ ಲಿಂಬೆಹಣ್ಣು ಮೆಣಸಿನಕಾಯಿಯ ಸರವನ್ನೂ ಕಟ್ಟಿದ್ದಾನೆ, ತಾಯಿತವನ್ನೂ ಕಟ್ಟಿದ್ದಾನೆ. ಯಾವ ಧರ್ಮದ ದೆವ್ವ ಬಂದರೂ ಒಂದಾದರೂ ಹತ್ತಲಿ ಎಂದು. ನಾನು ನಕ್ಕೆ, ಅವನು ನಗಲಿಲ್ಲ.

ಎಲ್ಲ ಪರೀಕ್ಷೆ ಮಾಡಿದೆ. ಸಿಗ್ನಲ್ ಚೆನ್ನಾಗಿದೆ. ಕೇಬಲ್ಲಿನ ಬಾಯಿಗೆ ನೀರು ಇಳಿದಿಲ್ಲ. ಟ್ಯಾಂಕು ಹೇಳಿದ್ದು ಪಂಪಿಗೆ ತಪ್ಪದೆ ತಲುಪುತ್ತಿದೆ. ದೆವ್ವದ ಸುಳಿವಿಲ್ಲ.

ಹೊರಗೆ ಕಲ್ಲಿನ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ಮಹಾಲಿಂಗಪ್ಪನ ಹೆಂಡತಿ ದಾನವ್ವ. ನನ್ನ ಚೀಲ, ಲ್ಯಾಪ್‌ಟಾಪು ನೋಡಿಯೇ ಗುರುತು ಹಿಡಿದಳು.

"ನೀ ಏನವಾ, ಬರದ ಕೊಟ್ಟಾಕಿ?"

"ಹೂಂನ್ರಿ."

"ಅವತ್ತ ಟ್ಯಾಂಕ ತುಂಬಿತ್ತು. ತುಂಬಿ ಹೊರಗ ಬೀಳೂ ನೀರಾಗ ನಾ ಅರಿಬಿ ಒಗಿಯಾಕತ್ತಿದ್ನಿ. ಖಾಲಿ ಟ್ಯಾಂಕಿಂದ ನೀರು ಬೀಳತೈತೇನು?"

"ಯಕ್ಕಾ, ಅದು ಹಿಂದಿನ ದಿನ ಇದ್ದೀತ್ರಿ. ದುಃಖದಾಗ ದಿನ ಹಿಂದಮುಂದ ಆಗತಾವ. ಮಶೀನಿನ್ಯಾಗ ಖಾಲಿ ಅಂತನ ಬಂದೈತಿ."

"ಮಶೀನು ಅರಿಬಿ ಒಗಿತೈತೇನು?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳಿದ ಹಾಗೆ. ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.

ಆಗಸ್ಟ್ 9, ಶುಕ್ರವಾರ

ಪಂಚಮಿ. ಪಕ್ಕದ ಮನೆಯ ಸುಧಾರಾಣಿ ಶೇಂಗಾ ಉಂಡಿ, ಎಳ್ಳುಂಡಿ ಕಳಿಸಿದ್ದಾಳೆ. ಓಣಿಯ ಹುಡುಗಿಯರೆಲ್ಲ ಜೋಕಾಲಿ ಆಡುತ್ತಿದ್ದಾರೆ. ನನಗೆ ಮಾತ್ರ ಆ ಹೆಂಗಸಿನ ಮಾತೇ ತಲೆಯಲ್ಲಿ. ಮಶೀನು ಅರಿಬಿ ಒಗಿತೈತೇನು. ಥೂ, ಹಬ್ಬದ ದಿನವೂ ಬಿಡಲೊಲ್ಲದು.

ಆಗಸ್ಟ್ 17, ಶನಿವಾರ

ಮತ್ತೆ ಸುರುವಾಯಿತಂತೆ, ನಸುಕಿನಲ್ಲಿ. ಬಂದೇಸಾಬ ಈಗ ಒಳಗೇ ಹೋಗುವುದಿಲ್ಲ, ಬೇವಿನ ಗಿಡದ ಕೆಳಗೆ ಕುಳಿತು ಡ್ಯೂಟಿ ಮಾಡುತ್ತಾನೆ.

ಇವತ್ತು ಪಂಪಿನ ಮಾಡೆಮ್ಮನ್ನೇ ಬದಲಿಸಿದೆ. ಕೇಬಲ್ಲು ಹೊಸದು, ಆಂಟೆನಾ ಹೊಸದು. ಸೆಟ್ಟಿಂಗು ಮಾತ್ರ ಹಳೆಯದನ್ನೇ ಪೂರ್ತಿ ತುಂಬಿದೆ. 3308 ತೆಗೆಯಲು ಕೈ ಬರಲಿಲ್ಲ, ತೆಗೆಯುವ ಕಾರಣವೂ ಇಲ್ಲ. ದಿನ್ನೆ ಹತ್ತಿ ಟ್ಯಾಂಕಿನ ಪೆಟ್ಟಿಗೆಯನ್ನೂ ನೋಡಿದೆ. ವಾರದಿಂದ ಬಿಸಿಲಿಲ್ಲ, ಸೋಲಾರ್ ಬ್ಯಾಟರಿ ಸ್ವಲ್ಪ ಸೊರಗಿದೆ. ಬೇರೆ ತೊಂದರೆ ಕಾಣಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ, "ಮಾಲತೇಶನ್ನ ಒಂದ ಮಾತ ಕೇಳಬಾರದೇನ?" ಎಂದಳು. ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟೆ. ಮಾಲತೇಶ ಅಬ್ಬಾನ ಕೈಕೆಳಗೆ ಕೆಲಸ ಕಲಿತ ಮೊದಲ ಶಾಗಿರ್ದ. ನಾನು ಲಂಗ ಹಾಕಿಕೊಂಡು ಓಡಾಡುವಾಗಿನಿಂದ ನಮ್ಮ ಅಂಗಡಿಯಲ್ಲಿ ಬೆಳೆದವನು, ನಮ್ಮ ಮನೆಯ ಅನ್ನ ಉಂಡವನು. ಅಬ್ಬಾನ ನಲವತ್ತರ ಫಾತೆಹಾ ಮುಗಿಯುವುದರೊಳಗೆ ಹಾನಗಲ್ಲಿನಲ್ಲಿ ತನ್ನದೇ ಅಂಗಡಿ ತೆರೆದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಅವನ ಹತ್ತಿರ ಹೋಗಿ ನಿಲ್ಲುವುದಕ್ಕಿಂತ ಮಹಾಲಿಂಗಪ್ಪನ ದೆವ್ವವನ್ನೇ ಕರೆದು ವಿಚಾರಿಸುತ್ತೇನೆ.

ಆಗಸ್ಟ್ 24, ಶನಿವಾರ. ಹಿರೇಕೆರೂರು

ಮೆಕ್ಕೆಜೋಳದ ಗೋದಾಮುಗಳ ಕೆಲಸ. ಲಾರಿ ತೂಗುವ ಕಾಟಾದಿಂದ ಆಫೀಸಿನ ಕಂಪ್ಯೂಟರಿಗೆ ರೇಡಿಯೋದ ಮೇಲೆ ತೂಕ ಹೋಗಬೇಕು. ಒಂದೇ ಬಯಲಿನಲ್ಲಿ ಮೂವರು ವ್ಯಾಪಾರಿಗಳು. ಮೂವರೂ ಮಾಡೆಮ್ ಕಂಪನಿಯಿಂದ ಹೇಗೆ ಬಂತೋ ಹಾಗೇ ಹಚ್ಚಿಬಿಟ್ಟಿದ್ದಾರೆ, ಅದೇ ಚಾನೆಲ್ಲು, ಅದೇ ನಂಬರು. ಒಬ್ಬರ ಲಾರಿಯ ತೂಕ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಬರುತ್ತಿತ್ತು. ದಸ್ತಗೀರಸಾಬರು ಎಂಬ ವ್ಯಾಪಾರಿ, "ನಮ್ಮ ಕಾಟಾಕ್ಕ ಯಾರೋ ಮಾಟ ಮಾಡಿಸ್ಯಾರ್ರಿ" ಎಂದರು. ನಗು ತಡೆಯಲಾಗಲಿಲ್ಲ. "ಮಾಟ ಅಲ್ರಿ, ಮೂರೂ ಮನಿಗಿ ಒಂದ ಕೀಲಿಕೈ ಇಟ್ಕೊಂಡೀರಿ, ಇಷ್ಟೂ ತಿಳೀಬಾರದೇನು?" ಎಂದು ದಬಾಯಿಸಿ ಮೂವರಿಗೂ ಬೇರೆಬೇರೆ ಮಾಡಿಕೊಟ್ಟೆ. ಮಧ್ಯಾಹ್ನದೊಳಗೆ ಮುಗಿಯಿತು.

ವಾಪಸು ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಹಿಟ್ಟಿನ ಗಿರಣಿಯ ಮೋಟಾರು ಸುರುವಾಯಿತು. ದುಪಟ್ಟಾ ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಈಚೆಗೆ ಅಭ್ಯಾಸವಾಗಿದೆ.

ಆಗಸ್ಟ್ 30, ಶುಕ್ರವಾರ

ಪಂಪ್‌ಹೌಸು ದೂರದಿಂದಲೇ ಗುಂಯ್‌ಗುಡುತ್ತಿತ್ತು. ಬಂದೇಸಾಬ ಬೇವಿನ ಗಿಡದಿಂದ ಇನ್ನೂ ನಾಲ್ಕು ಮಾರು ಹಿಂದೆ ಸರಿದು ನಿಂತಿದ್ದಾನೆ. "ಈಗ ಬಂದಾನ್ರಿ" ಎಂದು ಪಿಸುಗುಟ್ಟಿದ.

ಬಾಗಿಲು ತಟ್ಟಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ದಾನವ್ವ ಮೋಟಾರಿನಿಂದ ಒಂದಿಷ್ಟು ದೂರದಲ್ಲಿ ನೆಲದ ಮೇಲೆ ಕುಳಿತು ಮಾತಾಡುತ್ತಿದ್ದರು.

"ಎಮ್ಮಿ ಈದೈತ್ರಿ. ಹೆಣ್ಣಗರ. ನಮ್ಮ ಶೀಲಾ ಗಂಡನ ಮನಿಯಿಂದ ಫೋನ್ ಮಾಡಿದ್ಲು, ಕೂಸಿಗೆ ಹಲ್ಲು ಬಂದಾವಂತ. ಹಿತ್ತಲ ಬಾಗಲಾ ರಿಪೇರಿ ಮಾಡಿಸ್ರಿ ಅಂತ ಬಡಕೊಂಡ್ನಿ, ನೀವು ಮಾಡಿಸ್ಲಿಲ್ಲ. ಈಗ ನಾನ ಮಾಡಿಸೇನಿ."

ನನ್ನನ್ನು ನೋಡಿಯೂ ನಾಚಿಕೊಳ್ಳಲಿಲ್ಲ. "ಇವರು ಬಂದಾಗ ಮನಿ ಸುದ್ದಿ ಹೇಳ್ತೇನವಾ. ಇದ್ದಾಗ ಕೇಳಾಕ ಪುರಸೊತ್ತ ಇರ್ಲಿಲ್ಲ. ಈಗ ಗಪ್ಪನ ಕೇಳ್ತಾರ."

ನಾನೂ ಅಲ್ಲೇ ಕುಳಿತೆ. ಆಮೇಲೆ ಬಹಳ ದಿನದಿಂದ ಕೇಳಬೇಕೆಂದದ್ದನ್ನು ಕೇಳಿದೆ. "ಯಕ್ಕಾ, ಕಾಕಾ ಸ್ವಿಚ್ ಯಾಕ ತಿರುವಲಿಲ್ಲ? ಆಟೋದಿಂದ ತಗದಿದ್ರ ಏನೂ ಆಗ್ತಿರ್ಲಿಲ್ಲ."

"ತಗದ್ರ ನಿನ್ನ ಫೋನಿಗೆ ಕೆಂಪ ಸುದ್ದಿ ಬರತೈತಂತಲ್ಲ. ನೀ ಫೋನ್ ಮಾಡಿ ಬೈದಿದ್ದಿ ಒಮ್ಮಿ, ಕೇಳಲಾರದ ಮುಟ್ಟಬ್ಯಾಡ್ರಿ ಅಂತ. ಟ್ಯಾಂಕ ತುಂಬಿದ್ದು ನೋಡಿ, ಇನ್ನ ಇದು ಸುರು ಆಗೂದಿಲ್ಲ ಅಂತ ಧೈರ್ಯದ ಮ್ಯಾಲೆ ಕೈ ಹಾಕ್ಯಾರ."

ಬೈದದ್ದು ನಿಜ. ಎಲ್ಲ ಆಪರೇಟರುಗಳಿಗೂ ಬೈಯುತ್ತೇನೆ. ಅವರು ಸ್ವಿಚ್ಚು ತಿರುವಿ ಮರೆತು ಮನೆಗೆ ಹೋದರೆ ಊರಿಗೆ ನೀರಿಲ್ಲ, ಉಗುಳಿಸಿಕೊಳ್ಳುವವಳು ನಾನು. ಆದರೂ ಕಿವಿ ಬಿಸಿಯಾಯಿತು.

ಪಂಪಿನ ಪರದೆಯಲ್ಲಿ ಟ್ಯಾಂಕು ಒಂಬತ್ತು ಪರ್ಸೆಂಟ್ ಎಂದಿತ್ತು. ದಿನ್ನೆ ಹತ್ತಿ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಪಂಪು ನಿಂತಿತ್ತು, ಟ್ಯಾಂಕು ತುಂಬಿ ಚೆಲ್ಲುತ್ತಿತ್ತು. ಈಗ ತುಂಬಿತೋ, ಮೊದಲೇ ತುಂಬಿತ್ತೋ? ಕೆಳಗೆ ಒಬ್ಬ ಹೆಂಗಸು ದುಪ್ಪಡಿ ಒಗೆಯುತ್ತಿದ್ದಳು. ಯಾವಾಗಿನಿಂದ ನೀರು ಬೀಳುತ್ತಿದೆ ಎಂದು ಕೇಳಿದೆ.

"ಮುಂಜಾನಿಂದ ಬೀಳಾಕತ್ತೈತಲ್ರಿ" ಎಂದಳು.

ಮಹಾಲಿಂಗಪ್ಪ ಕಾಕಾ ಸತ್ತ ದಿನವೂ ದಾನವ್ವಕ್ಕ ಇದೇ ಕಲ್ಲಿನ ಮೇಲೆ ಒಗೆಯುತ್ತಿದ್ದರು.

ಸೆಪ್ಟೆಂಬರ್ 4, ಬುಧವಾರ

ಅಕ್ಷರ ಸೊಟ್ಟ ಬೀಳುತ್ತಿವೆ.

ಟ್ಯಾಂಕಿನ ಅಳತೆಗೋಲು ಕೆಟ್ಟು ಸುಳ್ಳು ಹೇಳುತ್ತಿರಬೇಕು ಎಂದು ತೀರ್ಮಾನಿಸಿ ಹೋಗಿದ್ದೆ. ಟ್ಯಾಂಕಿನ ಮಾಡೆಮ್ಮಿನ ಬ್ಯಾಟರಿ ಕಿತ್ತೆ. ಮಾಡೆಮ್ಮನ್ನೇ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಟ್ಯಾಂಕಿನ ಮೆಟ್ಟಿಲ ಮೇಲೆ ಕುಳಿತೆ. ಟ್ಯಾಂಕಿನಿಂದ ಮಾತೇ ಬರದಿದ್ದರೆ ಪಂಪು ನಿಂತೇ ಇರಬೇಕು, ನಾನು ಹಾಗೇ ಕೂರಿಸಿದ್ದೇನೆ. ಬಂದೇಸಾಬ ಕಾಕಾನಿಗೆ ಫೋನ್ ಹಚ್ಚಿ, ಬಾಗಿಲಲ್ಲಿ ನಿಂತು ಪರದೆ ನೋಡುತ್ತಿರಿ ಎಂದೆ.

ಒಂದು ಬೀಡಿ ಸೇದುವಷ್ಟು ಹೊತ್ತು ಏನೂ ಇಲ್ಲ. ನಾನು ನಿಟ್ಟುಸಿರು ಬಿಟ್ಟೆ.

ಆಮೇಲೆ ನನ್ನ ಬೆನ್ನ ಹಿಂದಿನ ಪೈಪು ಥರಗುಟ್ಟಿತು. ಫೋನಿನಲ್ಲಿ ಬಂದೇಸಾಬ ಕಾಕಾನ ದನಿ ಹೂತುಹೋಗಿತ್ತು. "ಮೇಡಮ್ಮಾರ, ಸುರು ಆತ್ರಿ. ಟ್ಯಾಂಕು ಏಳು ಪರ್ಸೆಂಟ್ ಅನ್ನಾಕತ್ತೈತ್ರಿ."

ಟ್ಯಾಂಕಿನ ನಾಲಗೆ ನನ್ನ ತೊಡೆಯ ಮೇಲಿತ್ತು. ತಣ್ಣಗೆ, ಬ್ಯಾಟರಿ ಇಲ್ಲದೆ. ಹಾಗಾದರೆ ಮಾತಾಡಿದ್ದು ಯಾರು?

ಹಾಡಹಗಲು, ಮೈಮೇಲೆ ಬಿಸಿಲಿತ್ತು, ಆದರೂ ಬಾಯಿಗೆ ಬಂದ ದುವಾ ಓದಿಕೊಂಡೆ. "ಕಾಕಾ, ನೀವ ಏನ್ರಿ?" ಎಂದು ಕೇಳಿದೆ. ಪೈಪು ಥರಗುಟ್ಟುತ್ತಲೇ ಇತ್ತು.

ಸೆಪ್ಟೆಂಬರ್ 5, ಗುರುವಾರ

ದೀಪ ಆರಿಸದೆ ಮಲಗುತ್ತೇನೆ. ಅಮ್ಮ ಕೇಳಿದರೆ ಸೊಳ್ಳೆ ಎನ್ನುತ್ತೇನೆ.

ಸೆಪ್ಟೆಂಬರ್ 9, ಸೋಮವಾರ

ನಾಲ್ಕು ದಿನ ಯೋಚಿಸಿ ಒಂದು ಮಾತಿಗೆ ಬಂದೆ. ಸತ್ತವರ ದನಿಯಾದರೆ ಅದಕ್ಕೆ ದಿಕ್ಕು ಇರುವುದಿಲ್ಲ. ರೇಡಿಯೋ ಆದರೆ ಇರಲೇಬೇಕು.

ಒಂದೇ ದಿಕ್ಕಿಗೆ ಕಿವಿಗೊಡುವ ಉದ್ದ ಆಂಟೆನಾ ಹಿಡಿದು ಟ್ಯಾಂಕಿನ ಮೇಲೆ ನಿಂತು ಸುತ್ತಲೂ ತಿರುಗಿಸಿದೆ. ಕೆರೆಯ ಕಡೆ ಇಲ್ಲ. ಊರ ಕಡೆ ಇಲ್ಲ. ಹಾನಗಲ್ ಕಡೆಯ ಗುಡ್ಡಕ್ಕೆ ತಿರುಗಿಸಿದ ಕೂಡಲೇ ಲ್ಯಾಪ್‌ಟಾಪಿನಲ್ಲಿ ಗೆರೆ ಎದ್ದು ನಿಂತಿತು. ಯಾರೋ ಅಲ್ಲಿಂದ 3308 ಎಂದು ಕೂಗುತ್ತಿದ್ದರು.

ಅಬ್ಬಾನ ನಂಬರು. ಒಂದು ಕ್ಷಣ ನಾನು ಏನೇನು ಅಂದುಕೊಂಡೆ ಎಂದರೆ, ಇಲ್ಲಿಯೂ ಬರೆಯಲು ನಾಚಿಕೆ. ಅಬ್ಬಾ ಕರೆಯುತ್ತಿದ್ದಾನೆ ಅಂದುಕೊಂಡೆ.

ಸ್ಕೂಟಿಯ ಮೇಲೆ ಆ ಗುಡ್ಡ ಹುಡುಕಿಕೊಂಡು ಹೋದೆ. ತುದಿಯಲ್ಲಿ ಕಬ್ಬಿಣದ ಕಂಬ, ಸೋಲಾರ್ ಹಲಗೆ, ಬಿಳಿ ಪೆಟ್ಟಿಗೆ. ದೂರದ ಟ್ಯಾಂಕಿನ ಮಾತನ್ನು ಎತ್ತಿ ಮುಂದೆ ದಾಟಿಸುವ ರಿಪೀಟರು. ಪೆಟ್ಟಿಗೆಯ ಮೇಲೆ ಕುಂಚದಲ್ಲಿ ಬರೆದ ಅಕ್ಷರ ಯಾರವೆಂದು ಹೆಸರು ಓದದೆಯೇ ತಿಳಿಯಿತು. ಅಬ್ಬಾ ಕಲಿಸಿದ ಅಕ್ಷರ, ನಾನೂ ಹಾಗೇ ಬರೆಯುತ್ತೇನೆ.

ನೇರ ಹಾನಗಲ್ಲಿಗೆ ಹೋದೆ. ಮಾಲತೇಶನ ಮನೆಯಲ್ಲಿ ಗಣಪತಿ ಕೂರಿಸಿದ್ದರು. ಮಕ್ಕಳ ಗದ್ದಲ, ಕರ್ಪೂರದ ವಾಸನೆ. ನನ್ನನ್ನು ಬಾಗಿಲಲ್ಲಿ ನೋಡಿ ಅವನ ಮುಖ ಬಿಳಿಚಿಕೊಂಡಿತು. ಒಂಬತ್ತು ತಿಂಗಳಾಗಿತ್ತು ಮಾತು ಬಿಟ್ಟು.

"ಗುಡ್ಡದ ಮ್ಯಾಲಿನ ರಿಪೀಟರಿಗೆ ಯಾವ ನಂಬರ್ ಇಟ್ಟೀರಿ?"

"ಒಳಗ ಬಾ ತಂಗಿ, ಮೊದಲ ಕುಂದರು."

"ನಂಬರ್ ಹೇಳ್ರಿ ಮಾಲತೇಶಣ್ಣ."

ಅವನು ನೆಲ ನೋಡಿದ. "ಉಸ್ತಾದರ ಅಂಗಡಿ ನಂಬರು. ಮೂವತ್ಮೂರು ಸೊನ್ನಿ ಎಂಟು. ಅಂಗಡಿ ನಿಂದು ತಂಗಿ, ಅದರಾಗ ನಂದೇನೂ ಇಲ್ಲ. ಅಲ್ಲಿ ಉಸ್ತಾದರಿಲ್ಲದ ಕುರ್ಚಿ ನೋಡಾಕ ಆಗಲಿಲ್ಲ, ಅದಕ್ಕ ಬಿಟ್ಟು ಬಂದ್ನಿ. ನಂಬರಾದರೂ ನನಗಿರ್ಲಿ ಅಂತ ಇಟಗೊಂಡ್ನಿ. ನೀ ಬೈತಿ ಅಂತ ಹೇಳಿರ್ಲಿಲ್ಲ."

ನನಗೆ ಅಳು ಬಂತು. ಸಿಟ್ಟು ಬರಬೇಕಿತ್ತು, ಅಳು ಬಂತು.

ಚಾನೆಲ್ಲೂ ಒಂದೇ, ಅಬ್ಬಾ ಯಾವಾಗಲೂ ಹಿಡಿಯುತ್ತಿದ್ದದ್ದು. ಜೋಡಿಯೊಳಗೆ ಪಂಪಿಗೆ ಒಂದು, ಟ್ಯಾಂಕಿಗೆ ಎರಡು ಎಂದು ಹೆಸರಿಡುವ ಕ್ರಮವೂ ಅಬ್ಬಾ ಕಲಿಸಿದ್ದೇ. ನನ್ನ ಪಂಪು ಎರಡನೆಯವನನ್ನು ಕೇಳಿದಾಗ ಇಬ್ಬರು ಎರಡನೆಯವರು ಉತ್ತರ ಕೊಡುತ್ತಿದ್ದರು. ಹತ್ತಿರದ ನನ್ನ ಟ್ಯಾಂಕಿನ ದನಿ ಜೋರು, ಅದೇ ಗೆಲ್ಲುತ್ತಿತ್ತು. ಮೋಡ ಕವಿದು ಅದರ ಬ್ಯಾಟರಿ ಸೊರಗಿದಾಗ ಮಾತ್ರ ಗುಡ್ಡದ ದನಿ ಮುಂದಾಗುತ್ತಿತ್ತು. ಗುಡ್ಡದಾಚೆಯ ಊರಿನ ಟ್ಯಾಂಕು ಖಾಲಿಯಾದರೆ ನಮ್ಮ ಪಂಪು ಸುರು. ಮಾಲತೇಶಣ್ಣನದೂ ಅದೇ ಗೋಳು, ಅಲ್ಲಿ ಟ್ಯಾಂಕು ಖಾಲಿಯಿದ್ದರೂ ಒಮ್ಮೊಮ್ಮೆ ಪಂಪು ಸುಮ್ಮನಿರುತ್ತಿತ್ತಂತೆ.

"ರಿಪೀಟರ್ ಯಾವಾಗ ನಿಲ್ಲಿಸಿದ್ರಿ?" ಎಂದೆ.

"ಜೂನ್ ಕಡೀಕ."

ಜುಲೈಯಲ್ಲಿ ಮಳೆ ಹಿಡಿದಿತ್ತು. ಮಹಾಲಿಂಗಪ್ಪ ಕಾಕಾ ಹೋದದ್ದು ಜುಲೈಯಲ್ಲಿ. ಒಳಗೆ ಮಕ್ಕಳು ಮಂಗಳಾರತಿಗೆ ಜಾಗಟೆ ಬಾರಿಸಲು ಸುರು ಮಾಡಿದವು.

ಸೆಪ್ಟೆಂಬರ್ 11, ಬುಧವಾರ

ನಂಬರು ಬದಲಿಸಿದರೆ ಮುಗಿಯಿತು. ಕುಳಿತಲ್ಲೇ ಆಗುವ ಕೆಲಸ. ಪಂಪು ಮತ್ತೆ ತಾನಾಗಿ ಸುರುವಾಗುವುದಿಲ್ಲ, ದೆವ್ವ ಹೋಯಿತು ಎಂದು ಬಂದೇಸಾಬ ಕಾಕಾ ತಾಯಿತಕ್ಕೆ ಕೈ ಮುಗಿಯುತ್ತಾನೆ. ಯಾರಿಗೂ ಏನೂ ತಿಳಿಯುವುದಿಲ್ಲ. ಮಾಲತೇಶಣ್ಣ ಫೋನಿನಲ್ಲಿ ಅದನ್ನೇ ಅಂದ. "ಸುಮ್ಮನ ಬದಲಿ ಮಾಡಿಬಿಡೂಣು ತಂಗಿ. ನಮ್ಮ ಹೊಟ್ಟಿಪಾಡು ಹೋದ್ರ ಹೋಗ್ಲಿ, ಉಸ್ತಾದರ ಹೆಸರು ಬೀದಿಗೆ ಬರತೈತಿ."

ಇಂಥ ಮಾತಿಗೆ ನನ್ನ ನಾಲಗೆ ಯಾವಾಗಲೂ ಚುರುಕು. ಇವತ್ತು ಸುಮ್ಮನಿದ್ದೆ, ಏಕೆಂದರೆ ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು.

ಸಂಜೆ ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ, ನಂಬರನ್ನೂ. ನಾನು ಎಣಿಸಿದ ಹಾಗೆ ಅತ್ತಳು. "ಅವರ ಫೋನ್ ನಂಬರು ಇಬ್ಬರೂ ನೆನಪಿಟ್ಟೀರೇನ" ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು.

"ಆ ಹೆಣ್ಣಮಗಳ ಗಂಡ ಕುಡದಿದ್ದನಂತೇನು?"

"ಇಲ್ಲಮ್ಮಾ."

"ಮತ್ತ ನಿಮ್ಮಬ್ಬಾನ ಹೆಸರು ಉಳಸಾಕ ಅಂವನ ಹೆಸರಿಗೆ ಬೆಂಕಿ ಹಚ್ಚತೀಯೇನು? ನಿಮ್ಮಬ್ಬಾ ಇದ್ರ ನಿನ್ನ ಅಂಗಡಿ ಮೆಟ್ಟಲಾ ಹತ್ತಗೊಡ್ತಿದ್ದಿಲ್ಲ."

ಎದ್ದು ಹೋಗಿ ಪಾತ್ರೆ ತಿಕ್ಕಿದಳು. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು.

ಸೆಪ್ಟೆಂಬರ್ 14, ಶನಿವಾರ

ನಿನ್ನೆ ಗುತ್ತಿಗೆದಾರರಿಗೆ ಹೊಸದಾಗಿ ಬರೆದು ಕೊಟ್ಟೆ, ಹಳೆಯದು ಸುಳ್ಳೆಂದು. ಅವರು ಕೂಗಾಡಿದರು, ಇನ್ನು ಮೇಲೆ ಕೆಲಸ ಕೊಡುವುದಿಲ್ಲ ಎಂದರು. ಅದು ಅವರ ಇಷ್ಟ. ಅಲ್ಲಿಂದ ದಾನವ್ವಕ್ಕನ ಮನೆಗೆ ಹೋಗಿ ತಪ್ಪು ಕಾಕಾನದಲ್ಲವೆಂದು ಬರೆದದ್ದನ್ನು ಹೇಳಿದೆ, ಆದರೆ ಅವರಿಗೆ ಕಾಗದದ ಮೇಲಿನ ಮಾತು ಬೇಕಿರಲಿಲ್ಲ. "ಯಾರ್‍ಯಾರು ಕುಡದಿದ್ದ ಅಂದಾರ, ಅವರ ಮುಂದ ಅನ್ನು" ಎಂದಿದ್ದರು.

ಇವತ್ತು ಮಧ್ಯಾಹ್ನ ಪಂಪ್‌ಹೌಸಿನ ಮುಂದೆ ಅರ್ಧ ಊರೇ ನಿಂತಿತ್ತು. ಪಂಚಾಯ್ತಿಯವರು, ಒಗೆಯಲು ಬರುವ ಹೆಂಗಸರು, ಬೇವಿನ ಗಿಡದ ಕೆಳಗಿನ ಹಿರಿಯರು. ಟ್ಯಾಂಕು ತುಂಬಿ ಹೊರಗೆ ಬೀಳುತ್ತಿರುವ ನೀರು ಅಲ್ಲಿಂದಲೇ ಕಾಣುತ್ತಿತ್ತು. ಟ್ಯಾಂಕಿನ ಮಾಡೆಮ್ಮನ್ನು ಮೊದಲೇ ಬಿಚ್ಚಿ ತಂದಿದ್ದೆ, ಬ್ಯಾಟರಿ ಕಿತ್ತು ಎಲ್ಲರಿಗೂ ತೋರಿಸಿದೆ. ಬಂದೇಸಾಬ ಕಾಕಾನನ್ನು ಬೇವಿನ ಗಿಡದ ಕೆಳಗಿನಿಂದ ಕರೆಸಿ ಎಲ್ಲರ ನಡುವೆ ನಿಲ್ಲಿಸಿದೆ. ಆಮೇಲೆ ಮಾಲತೇಶಣ್ಣನಿಗೆ ಫೋನ್ ಮಾಡಿದೆ. ಹಾನಗಲ್ ಕಡೆಯ ಟ್ಯಾಂಕಿನ ಮೇಲೆ ಕುಳಿತಿದ್ದ ಅವನು, ನೀರಿನಿಂದ ಅಳತೆಗೋಲು ಮೇಲಕ್ಕೆ ಎತ್ತಿದ. ಅಷ್ಟಕ್ಕೇ ಆ ಟ್ಯಾಂಕು ತಾನು ಖಾಲಿ ಎಂದುಕೊಳ್ಳುತ್ತದೆ.

ನಮ್ಮ ಪಂಪು ಗುರ್ರೆಂದು ಸುರುವಾಯಿತು. ಯಾರ ಕೈಯೂ ಅದರ ಹತ್ತಿರ ಇರಲಿಲ್ಲ. ಮಕ್ಕಳನ್ನು ತಾಯಂದಿರು ಹಿಂದಕ್ಕೆ ಎಳೆದುಕೊಂಡರು.

ನಾನು ಅಂದೆ. ಎಲ್ಲರಿಗೂ ಕೇಳುವ ಹಾಗೆ ಅಂದೆ. "ಅವತ್ತೂ ಹಿಂಗ ಆಗೇತ್ರಿ. ಟ್ಯಾಂಕು ತುಂಬಿತ್ತು. ಮಹಾಲಿಂಗಪ್ಪ ಕಾಕಾ ನೋಡಿ ತಿಳದ ಕೈ ಹಾಕಿದ್ರು. ಅವರು ಕುಡದಿದ್ದಿಲ್ಲ, ಅವರದೇನೂ ತಪ್ಪಿಲ್ಲ. ಸುಳ್ಳ ಹೇಳಿದ್ದು ಮಶೀನು, ಅದನ್ನ ನಂಬಿ ಸುಳ್ಳ ಬರದಾಕಿ ನಾನು. ಎರಡೂ ಕಡೆ ಒಂದ ನಂಬರ್ ಬಿದ್ದಿತ್ತು. ಅದು ನಮ್ಮಪ್ಪನ ಅಂಗಡಿ ನಂಬರು."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬ ಹಿರಿಯ ಮುಂದೆ ಬಂದು ದಾನವ್ವಕ್ಕನ ಎದುರು ಟೊಪ್ಪಿಗೆ ತೆಗೆದು, "ತಪ್ಪ ಮಾತಾಡಿದ್ವಿ ಬೇ" ಎಂದ. ಹೆಂಗಸರು ಅವರ ಕೈ ಹಿಡಿದುಕೊಂಡರು. ಮಾಲತೇಶಣ್ಣ ಅಳತೆಗೋಲು ಇಳಿಸಿದ, ಪಂಪು ನಿಂತಿತು, ಮಂದಿ ಒಬ್ಬೊಬ್ಬರಾಗಿ ಕರಗಿದರು.

ದಾನವ್ವಕ್ಕ ಅಲ್ಲೇ ನಿಂತಿದ್ದರು. ಸಮಾಧಾನ ಆಗಿರಬೇಕು ಎಂದು ನಾನು ತಿಳಿದಿದ್ದೆ.

"ಹಂಗಾರ, ಇಷ್ಟ ದಿನಾ ಬರಾಕತ್ತಿದ್ದು ಅವರಲ್ಲ?"

ಇದೊಂದನ್ನು ನಾನು ಯೋಚಿಸಿಯೇ ಇರಲಿಲ್ಲ. "ಅಲ್ರಿ ಯಕ್ಕಾ" ಎಂದೆ.

"ಈಗ ನಂಬರ್ ತಗದುಬಿಡತಿ?"

"ತಗೀಬೇಕ್ರಿ. ಇಲ್ಲಾಂದ್ರ ಬಂದೇಸಾಬ ಕಾಕಾನ ಜೀವಕ್ಕ ಅಪಾಯ ಐತಿ."

"ತಗೀಬೇಕು, ಖರೇ." ಸೆರಗಿನ ತುದಿ ತಿರುವಿದರು. "ಒಂದ ಸಲ ಮಾಡ್ತಿಯೇನವಾ? ಈ ಸುದ್ದಿ ಅವರಿಗೆ ಹೇಳಿಲ್ಲ."

ಮಾಲತೇಶಣ್ಣನಿಗೆ ಫೋನ್ ಮಾಡಿ, ಅಳತೆಗೋಲು ಇನ್ನೊಮ್ಮೆ ಎತ್ತಿರಿ ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ.

ಪಂಪು ಸುರುವಾಯಿತು. ಅವರು ಒಳಗೆ ಹೋಗಿ ನೆಲದ ಮೇಲೆ ಕುಳಿತರು. "ಕೇಳಿದ್ರಿಲ್ಲೋ, ಟ್ಯಾಂಕ ತುಂಬಿತ್ತಂತ ಎಲ್ಲಾರ ಮುಂದ ಅಂದ್ರು. ನಾ ಮೊದಲಿಂದ ಅನಾಕತ್ತಿದ್ನಿ. ಇನ್ನ ಯಾರೂ ಏನೂ ಅನ್ನೂದಿಲ್ಲ, ನೀವು ಹೋಗ್ರಿ. ನಾ ಎಮ್ಮಿ ನೋಡ್ಕೊಂತೇನಿ."

ಬಾಗಿಲಲ್ಲಿ ಲ್ಯಾಪ್‌ಟಾಪು ಹಿಡಿದು ನಿಂತಿದ್ದೆ. ಹೊಸ ನಂಬರು ಆಗಲೇ ಬರೆದಿದ್ದೆ, ಯಾರದೂ ಅಲ್ಲದ, ಯಾರ ನೆನಪೂ ಇಲ್ಲದ ನಂಬರು. ಒಂದು ಗುಂಡಿ ಒತ್ತುವುದಷ್ಟೇ ಬಾಕಿ. ಅವರು ನನ್ನ ಕೈ ನೋಡಿದರು.

"ತಡಿ. ನಿಮ್ಮಪ್ಪನ ನಂಬರ್ ಅಂದಿ. ನೀನೂ ಏನಾರ ಹೇಳೂದಿದ್ರ ಹೇಳಿಬಿಡು."

ಅಂಥದ್ದನ್ನೆಲ್ಲ ನಾನು ನಂಬುವುದಿಲ್ಲ. ಆದರೂ ಒಳಗೆ ಹೋಗಿ ಅವರ ಪಕ್ಕ ಕುಳಿತೆ. "ಅಬ್ಬಾ, ಮಾಲತೇಶಣ್ಣನೂ ನಿಮ್ಮನ್ನ ಮರತಿಲ್ಲ, ನಾನೂ ಮರತಿಲ್ಲ. ಅದಕ್ಕ ಹಿಂಗಾತು" ಎಂದೆ. ದಾನವ್ವಕ್ಕ ನನ್ನ ಬೆನ್ನ ಮೇಲೆ ಕೈ ಇಟ್ಟರು.

ಗುಂಡಿ ಒತ್ತಿದೆ. ಪಂಪಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಪೈಪಿನಲ್ಲಿ ಉಳಿದ ನೀರು ಕೆಳಗೆ ಜಾರಿದ್ದೂ ಕೇಳಿಸಿತು. ನಾವಿಬ್ಬರೂ ಏಳಲಿಲ್ಲ. ಬಂದೇಸಾಬ ಕಾಕಾ ಬಹಳ ದಿನದ ಮೇಲೆ ತಾನಾಗಿ ಒಳಗೆ ಬಂದು, ನಮ್ಮನ್ನು ನೋಡಿ, ಒಂದು ಮೂಲೆಯಲ್ಲಿ ಕುಳಿತ.